ಸಂಕವ್ವನ ದೃಷ್ಟಿ, ಟೆಂಪೋದ ಮೂಗು

ವಾಹನಗಳಿಗೆ ಮೂಗು ಬಂದ ಮೇಲೆ ಮನುಷ್ಯರ ಮಾನ ನಡುಬೀದಿಗೆ ಬಂತು. ಬಾಲ ಬಂದಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ, ಒಂದು ಚಾದರ ಹೊದಿಸಿ ಮುಚ್ಚಬಹುದಿತ್ತು. ಮೂಗನ್ನು ಹೇಗೆ ಮುಚ್ಚುವುದು?

ಸರಕಾರದ ಕಾಗದದಲ್ಲಿ ಅದರ ಹೆಸರು ಸ್ವಯಂ ತಪಾಸಣಾ ಘಟಕ. ಅಷ್ಟುದ್ದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿಹೋಗುತ್ತದೆ ಎಂದು ಜನ ಮೂಗು ಎಂದು ಕರೆದರು. ಹೊಗೆಕೊಳವೆಯ ತುದಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಗುಂಡಿ, ನೋಡಿದರೆ ಅಷ್ಟೇ. ಆದರೆ ಅದಕ್ಕೆ ಗೊತ್ತಿರುವ ವಾಸನೆಗಳನ್ನು ಲೆಕ್ಕ ಹಾಕಲು ಕೂತರೆ ಒಂದು ಜನ್ಮ ಸಾಲದು. ಗೋವಿನಜೋಳದ ದಿಂಡು ಕೊಳೆಸಿ ತೆಗೆದ ಹೊಸ ಇಂಧನದ ವಾಸನೆ ಗೊತ್ತು. ಅದರೊಳಗೆ ಕದ್ದು ಬೆರೆಸುವ ಹಳೇ ಡೀಸೆಲ್, ಸೀಮೆಎಣ್ಣೆ, ಮಿರ್ಚಿ ಬಜಿ ಕರಿದು ಉಳಿದ ಎಣ್ಣೆ, ಎಲ್ಲದರ ವಾಸನೆಯೂ ಗೊತ್ತು. ಮೂಸಿದ ತಕ್ಷಣ ಮಾತಾಡುವ ಚಪಲ ಅದಕ್ಕಿಲ್ಲ. ಒಳ್ಳೇ ಅತ್ತೆಯಂತೆ ಸ್ವಲ್ಪ ದೂರ ಸುಮ್ಮನೆ ಬಂದು, ಉಸಿರನ್ನೆಲ್ಲ ಒಟ್ಟುಮಾಡಿ, ತೂಗಿ ನೋಡಿ, ಆಮೇಲೆ ಬಾಯಿ ಬಿಡುತ್ತದೆ. ಬಿಟ್ಟರೆ ಊರಿಗೆಲ್ಲ ಕೇಳುವಂತೆ. ಯಾಕೆಂದರೆ ತಪ್ಪು ಮಾಡಿದ ವಾಹನ ತನ್ನ ತಪ್ಪನ್ನು ತಾನೇ ಗಟ್ಟಿಯಾಗಿ, ಅಚ್ಚ ಕನ್ನಡದಲ್ಲಿ ಹೇಳಿಕೊಳ್ಳಬೇಕು ಎನ್ನುವುದು ಕಾನೂನು.

ಗುತ್ತಲದ ಕಡೆಯ ಒಬ್ಬ ಮದುಮಗನ ಕಾರು ಬೀಗರ ಮನೆಯ ಚಪ್ಪರದ ಮುಂದೆ ನಿಂತು, "ನನ್ನ ಮಾಲೀಕ ಎರಡು ವರ್ಷದಿಂದ ಆಯಿಲ್ ಬದಲಿಸಿಲ್ಲ" ಎಂದು ಸಾರಿತಂತೆ. ಹುಡುಗಿಯ ಅಪ್ಪ, "ಬಂಡೀನ ಹಿಂಗ ಇಟ್ಟಾಂವ ನನ್ನ ಮಗಳನ್ನ ಹೆಂಗ ಇಟ್ಟಾನು?" ಎಂದವನೇ ಚಪ್ಪರ ಬಿಚ್ಚಿಸಿದ. ಅಡಿಗೆಯವರು ಮಾಡಿದ ಹೋಳಿಗೆಯನ್ನು ಊರ ನಾಯಿಗಳು ಮೂರು ದಿನ ತಿಂದು, ನಾಲ್ಕನೆಯ ದಿನ ಬೊಗಳಲಾರದೆ ಮಲಗಿದವು.

ಹಾಗಂತ ಮೂಗನ್ನು ಬೈಯಬಾರದು. ಅದು ಬಂದ ಮೇಲೆ ಗಾಳಿ ತೊಳೆದ ಗಾಜಿನಂತಾಯಿತು. ಹಾವೇರಿಯಲ್ಲಿ ನಿಂತು ನೋಡಿದರೆ ಹಾನಗಲ್ಲಿನ ಕಾಗೆಯ ಕೊಕ್ಕು ಕಾಣುತ್ತಿತ್ತು. ಕೆಮ್ಮು ಹೋಗಿ, ಮುದುಕರಿಗೆ ಬೆಳಗಿನ ಹೊತ್ತು ಮಾಡಲು ಕೆಲಸವೇ ಇಲ್ಲದಂತಾಯಿತು.

ಬ್ಯಾಡಗಿಯ ದಾಕ್ಷಾಯಣಿಗೆ ಮೂಗಿನ ಮೇಲೆ ಊರಿಗಿಂತ ಹೆಚ್ಚು ಪ್ರೀತಿ. ಅವಳ ಗಂಡ ಸೈಕಲ್ ಹತ್ತಿದರೂ ಕಣ್ಣು ಮುಚ್ಚುವಂಥವನು, ಮಾರುಕಟ್ಟೆಯ ತಕ್ಕಡಿಯ ಮುಂದೆ ಕೂತು ಸುಖವಾಗಿದ್ದ. ಟೆಂಪೋ ಓಡಿಸುವವಳು ದಾಕ್ಷಾಯಣಿ. ಬೆಳಿಗ್ಗೆ ಸುತ್ತಲ ಹಳ್ಳಿಗಳಿಗೆ ಹೋಗಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ಬ್ಯಾಡಗಿ ಮಾರುಕಟ್ಟೆಗೆ ತಂದು ಬಿಡುವುದು, ಸಂಜೆ ಒಯ್ದು ಮುಟ್ಟಿಸುವುದು ಅವಳ ಕೆಲಸ. ಕಲಬೆರಕೆ ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿ. ಮಜ್ಜಿಗೆಗೆ ನೀರು ಬೆರೆಸುವಾಗಲೂ ಮಜ್ಜಿಗೆಯನ್ನು ಒಂದು ಮಾತು ಕೇಳಿ ಬೆರೆಸುವವಳು. ಆ ವರ್ಷ ಟೆಂಪೋಗೆ ಹೊಸದಾಗಿ ಕೆಂಪು ಬಣ್ಣ ಹೊಡೆಸಿದಳು. ಓಣಿಯೇ ಹೊರಗೆ ಬಂದು ನೋಡಿತು.

ಅದಾದ ಮರುದಿನವೇ ಮೋಟೆಬೆನ್ನೂರಿನ ಹತ್ತಿರ ಟೆಂಪೋ ಗಕ್ಕನೆ ನಿಂತಿತು. ಒಳಗಿದ್ದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಲ್ಲಿ ಟೆಂಪೋ ಬಾಯಿ ಬಿಟ್ಟಿತು:

"ಗಮನಿಸಿ. ನನ್ನ ಇಂಧನದಲ್ಲಿ ಬೇರೆ ಎಣ್ಣೆ ಬೆರೆತಿದೆ. ಇದು ಮೋಸ. ಇದು ಮೊದಲನೆಯ ವರದಿ."

ಹಿಂದಿನ ಸೀಟಿನಿಂದ ಹಜರತಬಿ ತಲೆ ಹೊರಗೆ ಹಾಕಿದಳು. ತೊಟ್ಟು ಬಿಡಿಸುವವರಲ್ಲೆಲ್ಲ ಅವಳ ಬಾಯಿ ಜೋರು.

"ಏನಬೇ ದಾಕ್ಷಿ, ಉಂಡ ಮನಿ ಜಂತಿ ಎಣಸ್ತತಲ್ಲಬೇ ನಿನ್ನ ಟೆಂಪೋ! ಏನ್ ಹಾಕಿ ಅದಕ್ಕ?"

"ಏನೂ ಹಾಕಿಲ್ಲ! ಬಂಕಿನಾಗ ಹಾಕಿಸಿದ್ದ ಅಷ್ಟ!"

"ಮತ್ತ್ ಅದು ಸುಳ್ಳ ಹೇಳ್ತೈತೇನು? ಅದಕ್ಕೇನ್ ಗಂಡಸರಂಗ ಸುಳ್ಳ ಬರೂದಿಲ್ಲ."

ಎಲ್ಲರೂ ನಕ್ಕರು. ದಾಕ್ಷಾಯಣಿ ನಗಲಿಲ್ಲ. ವರದಿಯಾದ ವಾಹನ ಮರುದಿನದವರೆಗೆ ಅಲುಗಾಡುವಂತಿಲ್ಲ. ಹೆಂಗಸರು ನಡೆದು ಹೋದರು. ದಾಟಿ ಹೋಗುವ ಪ್ರತಿ ಬಂಡಿಯವನೂ ನಿಧಾನ ಮಾಡಿ ಅವಳ ಮುಖ ನೋಡಿ ಹೋದ.

ಮನೆಯಲ್ಲಿ ಅತ್ತೆ ಸಂಕವ್ವ ಸುದ್ದಿ ಕೇಳಿ, ಕೂತಲ್ಲಿಂದ ಎದ್ದಳು. ಎಪ್ಪತ್ತು ದಾಟಿದವಳು, ಗಂಡನ ಜೊತೆಗೇ ಹೆದರಿಕೆಯನ್ನೂ ಮಣ್ಣು ಮಾಡಿ ಬಂದವಳು.

"ನಾ ಹೇಳಲಿಲ್ಲೇನು? ಕೆಂಪು ಬಣ್ಣ ಹೊಡಸಬ್ಯಾಡ, ಕಣ್ಣ ಬೀಳ್ತಾವು ಅಂತ. ಆ ಮೂಲಿಮನಿ ಗೌರವ್ವನ ಕಣ್ಣಂದ್ರ ಹಾಲ ಒಡಿತೈತಿ, ಕಲ್ಲ ಸೀಳತೈತಿ! ನಿನ್ನೆ ದೃಷ್ಟಿ ತಗದಿದ್ದು ಸಾಲಲಿಲ್ಲ. ಇನ್ನೊಂದ್ ಸಲ ತಗೀಬೇಕು."

ಟೆಂಪೋ ವಾಪಸು ಬಂದ ಮೇಲೆ ಬೆಳಿಗ್ಗೆ ದಾಕ್ಷಾಯಣಿ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟಳು. ಸಂಕವ್ವ ಬಂದಳು. ಒಂದು ಕೈಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ. ಇನ್ನೊಂದು ಕೈಯಲ್ಲಿ ಕೆಂಡದ ಬೋಗುಣಿ. ಟೆಂಪೋವನ್ನು ಸುತ್ತಿ, "ಹಾದ್ಯಾಗಿನ ಕಣ್ಣ, ಬೀದ್ಯಾಗಿನ ಕಣ್ಣ, ಬಾಗಲಸಂದ್ಯಾಗಿನ ಕಣ್ಣ, ಎಲ್ಲಾ ಸುಟ್ಟ ಹೋಗ್ಲಿ" ಎಂದು ಹಾಡಿ, ಬೋಗುಣಿಯನ್ನು ಹಿಂದೆ ಹೊಗೆಕೊಳವೆಯ ಬುಡದಲ್ಲೇ ಇಟ್ಟಳು. ದೋಷ ಹೇಳಿದ್ದು ಮೂಗು ತಾನೇ, ಹಾಗಾದರೆ ಕಣ್ಣು ಬಿದ್ದದ್ದು ಮೂಗಿಗೇ ಎಂದು ಅವಳ ವಾದ. ನೆಗಡಿಯಾದ ಮಗುವಿಗೆ ಹಬೆ ಕೊಡುವಂತೆ, ಮೆಣಸಿನಕಾಯಿಯ ಹೊಗೆಯನ್ನು ಮೊರದಿಂದ ಬೀಸಿ ಬೀಸಿ ಆ ಹುಣಸೆಬೀಜಕ್ಕೆ ಕುಡಿಸಿದಳು.

ದೃಷ್ಟಿಯ ಶಾಸ್ತ್ರ ಎಲ್ಲರಿಗೂ ಗೊತ್ತು. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಇದೆ. ಆದರೆ ಬ್ಯಾಡಗಿಯ ಕಾಯಿಗೆ ಬಣ್ಣ ಮಾತ್ರ ಕೆಂಡದಂಥದ್ದು, ಸ್ವಭಾವ ಹಸುವಿನದು. ಅದನ್ನು ಸುಟ್ಟರೆ ಎಲ್ಲಿಂದ ಘಾಟು ಬರಬೇಕು?

"ನೋಡಿದ್ಯಾ? ಒಂದ್ ಸೀನಾರ ಬಂತಾ?" ಸಂಕವ್ವ ಗಾಬರಿಯಾದಳು. "ಎಷ್ಟ್ ಕೆಟ್ಟ ದೃಷ್ಟಿ ಇರಬೇಕು!"

"ಅತ್ತಿ, ನಮ್ಮೂರ ಕಾಯಿ ಘಾಟ್ ಇರೂದಿಲ್ಲ. ಗುಂಟೂರಿಂದ ಒಂದೆರಡು ತಂದು ಸುಡ್ರಿ."

"ಪರ ಊರಿನ ಕಾಯಿಗೆ ನಮ್ಮೂರ ಗೌರವ್ವನ ಕಣ್ಣ ಹೆಂಗ ಗುರುತ ಸಿಗ್ತೈತಿ? ಸುಮ್ಮನ ಗಾಡಿ ಹೊಡಿ. ನಾಳೆ ಇನ್ನೊಂದ್ ಹಿಡಿ ಹೆಚ್ಚಿಗಿ ಹಾಕ್ತೀನಿ."

ಮೋಟೆಬೆನ್ನೂರು ಮುಟ್ಟುವ ಮೊದಲೇ ಟೆಂಪೋ ನಿಂತು ಎರಡನೆಯ ವರದಿ ಓದಿತು.

ಮೂರನೆಯದು ಬಂದರೆ ಮುಗಿಯಿತು. ಎಂಜಿನ್ ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ, ಟೆಂಪೋ ಗುಜರಿಗೆ ಹೋಗುತ್ತದೆ, ದಾಕ್ಷಾಯಣಿಯ ಹೆಸರಿನ ಮುಂದೆ ಮೋಸಗಾರ್ತಿ ಎಂಬ ಮುದ್ರೆ ಬೀಳುತ್ತದೆ. ಆಮೇಲೆ ಅವಳು ಎತ್ತಿನ ಬಂಡಿ ಹೂಡಿದರೂ ಜನ ಎತ್ತಿನ ಮೂತಿ ಮೂಸಿ ನೋಡುತ್ತಾರೆ.

ಮರುದಿನ ಟೆಂಪೋವನ್ನು ಮನೆಗೆ ತಂದು ನಿಲ್ಲಿಸಿ, ಹುಬ್ಬಳ್ಳಿಯ ಹೊಗೆ ನಿಗಾ ಕೇಂದ್ರಕ್ಕೆ ಅವಳು ಬಸ್ಸಿನಲ್ಲಿ ಹೋದಳು. ಕೈಯಲ್ಲಿ ಒಂದು ಶೀಸೆ, ಅದರಲ್ಲಿ ಟೆಂಪೋದ ಇಂಧನ. ಕೇಂದ್ರದ ಒಂದು ಗೋಡೆಯೆಲ್ಲ ಚುಕ್ಕಿಗಳು. ಉತ್ತರ ಕರ್ನಾಟಕದ ಒಂದೊಂದು ವಾಹನಕ್ಕೂ ಒಂದೊಂದು ಚುಕ್ಕಿ. ಉಸಿರು ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಆಕಾಶವನ್ನೇ ಕಿತ್ತು ತಂದು ಮೊಳೆ ಹೊಡೆದಂತಿತ್ತು. ಅಷ್ಟು ಹಸಿರಿನ ನಡುವೆ ಬ್ಯಾಡಗಿಯ ಹತ್ತಿರ ಒಂದೇ ಒಂದು ಕೆಂಪು ಚುಕ್ಕಿ. ಯಾರೂ ಹೇಳದೆಯೇ ಅದು ತನ್ನದು ಎಂದು ದಾಕ್ಷಾಯಣಿಗೆ ಗೊತ್ತಾಯಿತು.

ಇಂಜಿನಿಯರ್ ಪ್ರಫುಲ್ಲಾ ಶೇಟ್ ಕುಮಟೆಯ ಕಡೆಯವಳು. ಮೂಗಿಗೆ ವಾಸನೆ ಕಲಿಸುವ ತಂಡದಲ್ಲಿ ಇದ್ದವಳು. ಶೀಸೆಯ ಇಂಧನವನ್ನು ಒಂದು ಯಂತ್ರಕ್ಕೆ ಕುಡಿಸಿ, ತಿರುಗಿ ಕುಡಿಸಿ, ಹುಬ್ಬು ಗಂಟಿಕ್ಕಿದಳು.

"ಇಂಧನ ಶುದ್ಧ ಉಂಟು. ಆದ್ರೆ ಹೊಗೆಯಲ್ಲಿ ಯಾವ್ದೋ ಎಣ್ಣೆ ಸುಟ್ಟದ್ದು ಮೂಗಿಗೆ ಸಿಕ್ಕಿದೆ. ಯಾವ ಎಣ್ಣೆ ಅಂತ ಅದಕ್ಕೆ ಗೊತ್ತಿಲ್ಲ."

"ಗೊತ್ತಿಲ್ಲಂದ ಮ್ಯಾಲ ನನ್ನ ಯಾಕ್ರಿ ಕಳ್ಳಿ ಅಂತೈತಿ?"

ಪ್ರಫುಲ್ಲಾಗೆ ಸ್ವಲ್ಪ ನಾಚಿಕೆಯಾಯಿತು. "ನಾವೇ ಹಾಗೆ ಕಲಿಸಿದ್ದು. ಮೊದಮೊದಲು ಜನ ದಿನಾ ಒಂದು ಹೊಸ ಎಣ್ಣೆ ಬೆರೆಸ್ತಿದ್ರು. ಅದಕ್ಕೇ, ಗೊತ್ತಿಲ್ಲದ ಎಣ್ಣೆ ಸಿಕ್ಕಿದ್ರೆ ಮೋಸ ಅಂತಲೇ ತಿಳ್ಕೋ ಅಂತ ಹೇಳಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಟೆಂಪೋಗೆ ಏನಾದ್ರೂ ಮಾಡ್ತೀರಾ? ಏನಾದ್ರೂ ಹಚ್ಚೋದು, ಸಿಂಪಡಿಸೋದು?"

"ಏನೂ ಇಲ್ಲರಿ. ತೊಳಿತೀನಿ, ಒರಸ್ತೀನಿ, ಕುಂಕುಮ ಹಚ್ತೀನಿ."

ಸುಳ್ಳು ಹೇಳಲಿಲ್ಲ ಅವಳು. ನೀವು ಬೆಳಿಗ್ಗೆ ಎದ್ದು ಏನು ಮಾಡಿದಿರಿ ಎಂದು ಕೇಳಿದರೆ ಯಾರಾದರೂ ಆಕಳಿಸಿದೆ ಎಂದು ಹೇಳುತ್ತಾರೆಯೇ? ಅತ್ತೆಯ ದೃಷ್ಟಿ ತೆಗೆಯುವುದು ದಾಕ್ಷಾಯಣಿಗೆ ಹಾಗೆ. ನೆನಪಿಗೇ ಬರಲಿಲ್ಲ.

"ನಾಳೆ ಬೆಳಿಗ್ಗೆ ನಾನೇ ಬರ್ತೇನೆ," ಎಂದಳು ಪ್ರಫುಲ್ಲಾ. "ಅಲ್ಲೀವರೆಗೆ ಗಾಡಿ ರಸ್ತೆಗೆ ಇಳಿಸ್ಬೇಡಿ."

ಇಂಜಿನಿಯರಮ್ಮ ಬರುತ್ತಾಳೆ ಎಂದರೆ ಸಂಕವ್ವ ಸುಮ್ಮನಿರುವವಳೇ? ಹುಬ್ಬಳ್ಳಿಯ ಕಣ್ಣು ಬೀಳುವ ಮೊದಲು ಬ್ಯಾಡಗಿಯ ಕಣ್ಣು ತೆಗೆಯಬೇಕಲ್ಲ! ಓಣಿಯ ಹೆಂಗಸರನ್ನೆಲ್ಲ ಕೂಡಿಸಿದಳು. ಹಜರತಬಿ ತಾನೂ ಒಂದು ಸೆರಗು ಮೆಣಸಿನಕಾಯಿ ತಂದು ಸುರಿದಳು, ಕಣ್ಣಿಗೇನು ಜಾತಿ? ಬೋಗುಣಿ ಸಾಲದೆ ನೀರು ಕಾಯಿಸುವ ಹಂಡೆಯ ಮುಚ್ಚಳದಲ್ಲಿ ಕೆಂಡ ಹಾಕಿದರು. ಪ್ರಫುಲ್ಲಾ ಶೇಟ್ ಇಲಾಖೆಯ ಬಿಳಿ ಜೀಪನ್ನು ಓಣಿಗೆ ತಿರುಗಿಸಿದಾಗ ಅವಳಿಗೆ ಓಣಿ ಕಾಣಲಿಲ್ಲ, ಮೋಡ ಕಾಣಿಸಿತು. ಮೋಡದೊಳಗೆ ಎಂಜಿನ್ ಗುರುಗುಡುತ್ತಿತ್ತು. ಅದರ ಹಿಂದೆ ಒಬ್ಬ ಮುದುಕಿ ಮೊರ ಬೀಸುತ್ತ, ಹಾದಿಬೀದಿಯ ಕಣ್ಣುಗಳನ್ನೆಲ್ಲ ಹೆಸರು ಹಿಡಿದು ಸುಡುತ್ತಿದ್ದಳು.

ಪ್ರಫುಲ್ಲಾ ಜೀಪಿನಿಂದ ಇಳಿದು ಹತ್ತಿರ ಬಂದು ನಿಂತಳು. ಹೊಗೆಕೊಳವೆ ನೋಡಿದಳು. ಮುಚ್ಚಳ ನೋಡಿದಳು. ಮುಚ್ಚಳದಲ್ಲಿ ಕಾಯಿಗಳು ಸಿಡಿದು, ಕೆಂಪು ಎಣ್ಣೆ ಗುಳ್ಳೆಗುಳ್ಳೆಯಾಗಿ ಹೊಗೆಯಾಗುವುದನ್ನು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಇದನ್ನ ದಿನಾ ಮಾಡ್ತೀರಾ?"

"ದಿನಾ ಅಂದ್ರ?" ಸಂಕವ್ವ ಮೊರ ಕೆಳಗಿಟ್ಟಳು. "ಬಣ್ಣ ಹೊಡಿಸಿದಾಗಿಂದ ಮಾಡಾಕತ್ತೀನಿ. ಬಿಟ್ಟಿದ್ರ ಈ ಟೆಂಪೋ ಇಷ್ಟೊತ್ತಿಗೆ ಪುಡಿಪುಡಿ ಆಗಿ ಚಾಳಣಿಯಾಗ ಬೀಳ್ತಿತ್ತು!"

"ಅಜ್ಜೀ, ಮೂಗಿಗೆ ಗೊತ್ತಿಲ್ಲದ ಎಣ್ಣೆ ಇದೇ. ಬ್ಯಾಡಗಿ ಕಾಯಿಯ ಬಣ್ಣದ ಎಣ್ಣೆ. ಕಾಯಿಗೆ ಖಾರ ಇಲ್ಲ, ನಿಮಗೆ ಸೀನು ಬರೋದಿಲ್ಲ. ಆದ್ರೆ ಮೂಗಿಗೆ ಪೂರಾ ಅಂಟಿಕೊಳ್ತದೆ. ಟೆಂಪೋ ಹೋಗ್ತಾ ಹೋಗ್ತಾ ಅದನ್ನೇ ಮೂಸಿ, ತಾನೇ ಕುಡಿದಿದ್ದೇನೆ ಅಂತ ತಿಳ್ಕೊಂಡಿದೆ."

ಸಂಕವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ನೋಡಲಾಗಲಿಲ್ಲ. ಕೆಳಗಿಟ್ಟ ಮೊರವನ್ನು ಬೋರಲು ಹಾಕಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಹಂಗಾರ ಗೌರವ್ವ ಅಲ್ಲ. ನಾನಽ ಅಂದಂಗಾತು."

"ಬಿಡ್ರಿ ಅತ್ತಿ," ಎಂದಳು ದಾಕ್ಷಾಯಣಿ. ಅವಳಿಗೆ ಒಳಗೆ ಕೋಪ ಬಂದಿತ್ತು, ಆ ಮುಖ ನೋಡಿ ಅದು ಅಲ್ಲೇ ಕರಗಿತು. ಇಂಜಿನಿಯರ್ ಕಡೆ ತಿರುಗಿದಳು. "ಕಾರಣ ಸಿಕ್ತಲ್ರಿ ಮೇಡಮ್ಮಾರ. ಆ ಎರಡು ವರದಿ ಅಳಸ್ರಿ."

"ನನ್ನ ಊಹೆ ಮೇಲೆ ಅಳಿಸ್ಲಿಕ್ಕೆ ಬರೋದಿಲ್ಲ. ಎರಡು ದಾರಿ ಉಂಟು. ಒಂದು, ಇವತ್ತಿಂದ ಈ ಹೊಗೆ ನಿಲ್ಲಿಸಿ. ಮೂರನೇ ವರದಿ ಬರೋದಿಲ್ಲ, ಗಾಡಿ ಉಳೀತದೆ. ಆದ್ರೆ ಎರಡು ಮೋಸದ ಗುರುತು ಹಾಗೇ ಇರ್ತದೆ."

"ಇನ್ನೊಂದು?"

"ಇದೇ ಹೊಗೆಯನ್ನ ನನ್ನ ಜೀಪಿಗೂ ಕುಡಿಸಿ, ಎರಡನ್ನೂ ಓಡಿಸೋದು. ಇಲಾಖೆಯ ಜೀಪಿನಲ್ಲಿ ಕಲಬೆರಕೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಅದೂ ತನ್ನನ್ನ ಕಳ್ಳ ಅಂತ ಹೇಳ್ಕೊಂಡ್ರೆ ತಪ್ಪು ಮೂಗಿನದು ಅಂತ ಸಾಬೀತು. ಎಲ್ಲಾ ಅಳಿಸ್ತೇನೆ. ಆದ್ರೆ ಜೀಪಿನದು ಹೊಸ ಮೂಗು, ಬುದ್ಧಿ ಜಾಸ್ತಿ. ಅದು ಸುಮ್ನೆ ಇದ್ದು ನಿಮ್ಮದು ಮಾತ್ರ ಮಾತಾಡಿದ್ರೆ, ಅದು ಮೂರನೇ ವರದಿ. ನಾನು ಏನೂ ಮಾಡ್ಲಿಕ್ಕೆ ಆಗೋದಿಲ್ಲ."

"ಬ್ಯಾಡಬೇ ದಾಕ್ಷಿ," ಸಂಕವ್ವ ಸೊಸೆಯ ಕೈ ಹಿಡಿದಳು. "ಗುರುತ ಇದ್ರ ಇರಲಿ. ಗಾಡಿ ಇರ್ತೈತಲ್ಲ. ನಾ ಕೆಂಡ ಮುಟ್ಟಂಗಿಲ್ಲ, ಆಣಿ ಮಾಡ್ತೀನಿ."

ದಾಕ್ಷಾಯಣಿ ಟೆಂಪೋದ ಕಡೆ ನೋಡಿದಳು. ಗಾಡಿ ಉಳಿಯುತ್ತದೆ, ನಿಜ. ಪ್ರತಿ ನಾಕಾದಲ್ಲಿ ಅದನ್ನು ನಿಲ್ಲಿಸಿ ಟ್ಯಾಂಕಿನಲ್ಲಿ ಕಡ್ಡಿ ಅದ್ದಿ ನೋಡುತ್ತಾರೆ. ಹಿಂದೆ ಕೂತ ಹೆಂಗಸರು ನಗುತ್ತಾರೆ, ಇವತ್ತು ತಮಾಷೆಗೆ, ನಾಳೆ ನಿಜಕ್ಕೆ. ತನ್ನ ಗಾಡಿಯೇ ತನ್ನನ್ನು ಕಳ್ಳಿ ಎಂದದ್ದನ್ನು ಕೇಳಿಕೊಂಡು ಅದರ ಸ್ಟೇರಿಂಗ್ ಹಿಡಿಯುವುದು ಹೇಗೆ? ಗಂಡನನ್ನಾದರೆ ಅಡುಗೆಮನೆಯಲ್ಲಿ ಕೂರಿಸಿ ಒಪ್ಪಿಸಬಹುದು.

"ಕುಡಸ್ರಿ ಎರಡಕ್ಕೂ," ಎಂದಳು.

ಸಂಕವ್ವ ಕೆಂಡ ಮುಟ್ಟಲು ಒಪ್ಪಲಿಲ್ಲ. ಕೊನೆಗೆ ದಾಕ್ಷಾಯಣಿಯೇ ಮೆಣಸಿನಕಾಯಿ ಹಿಡಿದು, ಒಮ್ಮೆ ಕೆಂಪು ಟೆಂಪೋದ ಹಿಂದೆ, ಒಮ್ಮೆ ಬಿಳಿ ಜೀಪಿನ ಹಿಂದೆ ಸುಟ್ಟಳು. ಹೆಚ್ಚು ಕಡಿಮೆ ಆಗಬಾರದೆಂದು ಪ್ರಫುಲ್ಲಾ ಹಿಡಿ ಅಳೆದು ಕೊಟ್ಟಳು. ಸಂಕವ್ವ ಮಾತ್ರ ಯಾರನ್ನೂ ಕೇಳದೆ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

"ನೀವ್ಯಾಕೆ ಅಜ್ಜೀ ಇಲ್ಲಿ?"

"ಸರಕಾರದ ಗಾಡಿ. ಬಾಯಿ ಬಿಡಬೇಕಾದಾಗ ಬಿಡಂಗಿಲ್ಲ. ಕಾಯಾಕ ಒಬ್ರು ಬೇಕು."

ಎರಡೂ ಗಾಡಿ ಹೊರಟವು. ಮುಂದೆ ಟೆಂಪೋ, ಹಿಂದೆ ಜೀಪು. ರಸ್ತೆಯ ಎರಡೂ ಕಡೆ ಒಣಹಾಕಿದ ಮೆಣಸಿನಕಾಯಿ ಭೂಮಿಗೆ ರತ್ನಗಂಬಳಿ ಹಾಸಿದಂತೆ ಹರಡಿತ್ತು. ದಾಕ್ಷಾಯಣಿಗೆ ಏನೂ ಕಾಣಲಿಲ್ಲ, ಕಿವಿ ಮಾತ್ರ ಇತ್ತು.

ಮೋಟೆಬೆನ್ನೂರಿನ ತಿರುವಿನಲ್ಲಿ ಟೆಂಪೋ ನಿಂತಿತು.

"ಗಮನಿಸಿ. ನನ್ನ ಇಂಧನದಲ್ಲಿ ಬೇರೆ ಎಣ್ಣೆ ಬೆರೆತಿದೆ. ಇದು ಮೋಸ. ಇದು ಮೂರನೆಯ ಮತ್ತು ಕೊನೆಯ ವರದಿ."

ಟಕ್ಕೆಂದು ಎಂಜಿನ್ ಬೀಗ ಬಿತ್ತು. ಜೀಪು ಪಕ್ಕದಿಂದ ದಾಟಿ ಹೋಯಿತು. ಏನೂ ಮಾತಾಡದೆ, ದೊಡ್ಡವರ ಮನೆಯ ಸೊಸೆಯಂತೆ ಸೊಂಟ ಕೂಡ ಅಲುಗಿಸದೆ ಹೋಯಿತು. ದಾಕ್ಷಾಯಣಿ ಇಳಿದು ರಸ್ತೆಯಲ್ಲಿ ನಿಂತಳು. ಜೀಪು ಚಿಕ್ಕದಾಗುತ್ತ ಹೋಯಿತು. ಬೆಂಕಿಪೆಟ್ಟಿಗೆಯಷ್ಟಾಯಿತು. ಅವಳು ಟೆಂಪೋದ ಕೆಂಪು ಬಾಗಿಲಿಗೆ ಕೈ ಊರಿದಳು, ಅದು ಇನ್ನೂ ಬೆಚ್ಚಗಿತ್ತು.

ಬೆಂಕಿಪೆಟ್ಟಿಗೆ ನಿಂತಿತು.

ಇಲಾಖೆಯ ಜೀಪಿನ ಗಂಟಲು ಇಲಾಖೆಯದೇ ಅಲ್ಲವೇ, ಹತ್ತು ಹಳ್ಳಿಗೆ ಕೇಳುವಂಥದ್ದು. ಹೊಲದಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು.

"ಗಮನಿಸಿ. ನನ್ನ ಇಂಧನದಲ್ಲಿ ಬೇರೆ ಎಣ್ಣೆ ಬೆರೆತಿದೆ. ಇದು ಮೋಸ. ನನ್ನ ಮಾಲೀಕರು, ಹೊಗೆ ನಿಗಾ ಇಲಾಖೆ."

ಅದರ ಹಿಂದೆಯೇ, ಜೀಪಿಗಿಂತ ಜೋರಾಗಿ ಸಂಕವ್ವನ ದನಿ ಬಂತು. "ದಾಕ್ಷೀ! ಒಪ್ಗೊಂತಬೇ! ಸರಕಾರ ಒಪ್ಗೊಂತು! ನನ್ನ ಜಲ್ಮದಾಗ ಮೊದಲನೇ ಸಲಬೇ!"

ದಾಕ್ಷಾಯಣಿ ಓಡಿದಳು. ಓಡುವುದು ಮರೆತು ಎಷ್ಟೋ ವರ್ಷವಾಗಿತ್ತು, ಚಪ್ಪಲಿ ಒಂದು ಹಿಂದೆಯೇ ಉಳಿಯಿತು. ಪ್ರಫುಲ್ಲಾ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ತನ್ನ ಇಲಾಖೆಗೆ ತಾನೇ ಮೋಸದ ವರದಿ ಬರೆಯಬೇಕಾಗಿ ಬಂದ ಇಂಜಿನಿಯರ್ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು.

ಜೀಪು ಕಾನೂನಿನ ಪ್ರಕಾರ ಅಲ್ಲೇ ನಿಂತಿತು. ಪ್ರಫುಲ್ಲಾ ಹಿಂದಕ್ಕೆ ನಡೆದು ಬಂದು, ಟೆಂಪೋದ ಬೀಗ ತೆಗೆದು, ಮೂರೂ ವರದಿ ಅಳಿಸಿ, ಮುಂದಿನ ಸೀಟಿನಲ್ಲಿ ಕೂತಳು. ಸಂಕವ್ವ ಇಬ್ಬರ ನಡುವೆ ತುರುಕಿಕೊಂಡಳು. ಟೆಂಪೋ ಬ್ಯಾಡಗಿಯ ಕಡೆ ತಿರುಗಿತು.

"ಇನ್ಮುಂದೆ ಮೂಗು ಒಂದೇ ಕೂತು ತೀರ್ಪು ಕೊಡಬಾರ್ದು," ಎಂದಳು ಪ್ರಫುಲ್ಲಾ, ಮೊಬೈಲಿನಲ್ಲಿ ಏನೋ ಒತ್ತುತ್ತ. "ಹೊಸ ವಾಸನೆ ಬಂದ್ರೆ ಸುತ್ತಲಿನ ಗಾಡಿಗಳ ಮೂಗನ್ನ ಕೇಳ್ಬೇಕು, ನಿಂಗೂ ಬಂತಾ ಅಂತ. ಎಲ್ಲರಿಗೂ ಬಂದಿದ್ರೆ ಅದು ಗಾಡಿಯ ತಪ್ಪಲ್ಲ, ಗಾಳಿಯದು."

"ಹೆಂಗಸರು ಮೊದ್ಲಿಂದ ಹಂಗ ಮಾಡ್ತೀವಿ. ನಾವ್ ಮಾಡಿದ್ರ ಅದಕ್ಕ ಚಾಡಿ ಅಂತಾರ," ಎಂದಳು ಸಂಕವ್ವ.

"ಈ ವಾಸನೆಯನ್ನ ಮೂಗಿಗೆ ಕಲಿಸ್ಬೇಕು. ಹೆಸರು ಏನು ಇಡೋಣ ಅಜ್ಜೀ?"

"ದೃಷ್ಟಿ ಅಂತ ಬರೀರಿ. ಸಂಕವ್ವ ಅಂತ ಬರದ್ರೂ ನಾ ಬ್ಯಾಡ ಅನ್ನಂಗಿಲ್ಲ."

"ಗುರುತು ಸಿಕ್ಕಿದಾಗ ಗಾಡಿ ಏನು ಹೇಳ್ಬೇಕು? ಏನಾದ್ರೂ ಹೇಳ್ಲೇಬೇಕು, ಕಾನೂನು."

ಈ ಸಲ ದಾಕ್ಷಾಯಣಿ ಹೇಳಿದಳು. ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಮಾತು ಯೋಚಿಸಿ ಹೇಳಿದಳು. ಪ್ರಫುಲ್ಲಾ ಹಾಗೇ ಬರೆದು ಕಳಿಸಿದಳು. ಹುಬ್ಬಳ್ಳಿಯ ಗೋಡೆಯಿಂದ ಅದು ಅಷ್ಟೂ ಚುಕ್ಕಿಗಳಿಗೆ ಹೋಯಿತು.

ಊರು ಬಂತು. ಮೊದಲ ಓಣಿಯಲ್ಲಿ ಒಬ್ಬ ಎಳೆಯ ಬಾಣಂತಿ ಹೊಸ್ತಿಲಲ್ಲಿ ಕೂತು, ತೊಡೆಯ ಮೇಲಿನ ಕೂಸಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕುತ್ತಿದ್ದಳು. ಟೆಂಪೋ ಅವಳ ಮನೆ ಮುಂದೆ ತಾನಾಗಿಯೇ ವೇಗ ಕಡಿಮೆ ಮಾಡಿತು.

"ಗಮನಿಸಿ. ಇಲ್ಲಿ ಯಾರೋ ತಮ್ಮವರಿಗೆ ದೃಷ್ಟಿ ತೆಗೆಯುತ್ತಿದ್ದಾರೆ. ಯಾರದೂ ತಪ್ಪಿಲ್ಲ."

ಬಾಣಂತಿ ಬೆಚ್ಚಿ ಕೂಸನ್ನು ಎದೆಗೆ ಅವಚಿಕೊಂಡಳು. ಸಂಕವ್ವ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದಳು.

"ತಗಿಯವ್ವಾ, ತಗಿ! ಹೆದರಬ್ಯಾಡ. ಇನ್ನೊಂದೆರಡು ಕಾಯಿ ಹೆಚ್ಚಿಗಿ ಹಾಕು, ಕೂಸು ಭಾಳ ಚಂದ ಐತಿ!"